ಗರಿಷ್ಠ ಸಂಬಳವೆಂಬ ಅರ್ಧಸತ್ಯ

ತೂಕವನ್ನೂ ಬೆಲೆಯನ್ನೂ ನಮೂದಿಸದೆ ಪೊಟ್ಟಣ ಮಾರುವ ವರ್ತಕನಿಗೆ ಕಾಯಿದೆ ದಂಡ ವಿಧಿಸುತ್ತದೆ. ಆದರೆ ಲಕ್ಷಗಟ್ಟಲೆ ಶುಲ್ಕ ಪಡೆಯುವ ಎಂಜಿನಿಯರಿಂಗ್ ಕಾಲೇಜು, ಒಬ್ಬನಿಗೆ ದೊರೆತ ಗರಿಷ್ಠ ಸಂಬಳವನ್ನು ಫಲಕದಲ್ಲಿ ಬರೆಸಿ ಉಳಿದವರ ಗತಿಯನ್ನು ಮರೆಮಾಚಿದರೆ ಅದು ಕೇವಲ ಪ್ರಚಾರವೆನಿಸುತ್ತದೆ! ಇದೆಂತಹ ನ್ಯಾಯ?

ಹತ್ತು ಮಂದಿಯಲ್ಲಿ ಒಬ್ಬನಿಗೆ 40 ಲಕ್ಷ, ಒಂಬತ್ತು ಮಂದಿಗೆ ತಲಾ 3 ಲಕ್ಷ ದೊರೆತರೆ ಸರಾಸರಿ 6.7 ಲಕ್ಷವಾಗುತ್ತದೆ, ಮಧ್ಯಾಂಕವೋ 3 ಲಕ್ಷವೇ. ಹತ್ತನೆಯ ತರಗತಿಯ ಗಣಿತವೇ ಈ ಮೋಸವನ್ನು ಬಯಲುಮಾಡಬಲ್ಲದು. 2016ರಿಂದ ಪ್ರಕಟವಾಗುತ್ತಿರುವ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕೆ ಕಾಲೇಜುಗಳು ಮಧ್ಯಾಂಕ ಸಂಬಳವನ್ನು ಒಪ್ಪಿಸುತ್ತವೆ. ಸರ್ಕಾರಕ್ಕೆ ಹೇಳುವುದನ್ನು ಮಕ್ಕಳಿಗೇಕೆ ಹೇಳಬಾರದು? ಒಂದೇ ತರಗತಿಯಲ್ಲಿ ಸಿ.ಇ.ಟಿ., ಕಾಮೆಡ್-ಕೆ ಹಾಗೂ ಮ್ಯಾನೇಜ್‌ಮೆಂಟ್ ಸೀಟುಗಳಿಗೆ ಬೇರೆ ಬೇರೆ ಶುಲ್ಕವಿರುವುದನ್ನು ಎಷ್ಟು ಮಕ್ಕಳು ಬಲ್ಲರು?

ಲೆಕ್ಕ ಹೇಳಿದರೆ ಉತ್ಸಾಹ ಕುಂದೀತೆಂಬ ವಾದವುಂಟು. ಉತ್ಸಾಹವನ್ನು ಕುಂದಿಸುವುದು ಲೆಕ್ಕವಲ್ಲ, ಸಾಲ. ವ್ಯಾಸಂಗಕಾಲದಲ್ಲಿ ಕಂತು ಕಟ್ಟಬೇಕಿಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಆದುದರಿಂದ ವಿದ್ಯಾರ್ಥಿವೇತನ ನೀಡುವ ಟ್ರಸ್ಟುಗಳು ಪ್ರತಿ ಕಾಲೇಜಿನಿಂದಲೂ ಮೂರು ಅಂಕಿಗಳನ್ನು ಲಿಖಿತವಾಗಿ ಕೇಳಲಿ: ನಾಲ್ಕು ವರ್ಷಗಳ ಒಟ್ಟು ವೆಚ್ಚ, ಸೇರಿದವರಲ್ಲಿ ಸಕಾಲಕ್ಕೆ ತೇರ್ಗಡೆಯಾದವರ ಸಂಖ್ಯೆ, ಸಂಬಳದ ಮಧ್ಯಾಂಕ. ಅವನ್ನು ಪ್ರೌಢಶಾಲೆಯ ಮಕ್ಕಳ ಮುಂದಿಡಲಿ. ಉತ್ತರಿಸದ ಕಾಲೇಜಿನ ಮೌನವನ್ನೂ ತಿಳಿಸಲಿ. ಅದೂ ಒಂದು ಮಾಹಿತಿಯೇ.