ವೇಷವೂ ಒಂದು ಮಾತು

ಪಾತ್ರಧಾರಿಯು ಬಾಯಿ ತೆರೆಯುವ ಮುನ್ನವೇ ಅವನ ವೇಷವು ಪ್ರೇಕ್ಷಕರೊಡನೆ ಮಾತನಾಡತೊಡಗುತ್ತದೆ. ಬಂದವನು ಅರಸನೋ ಆಳೋ, ಗೆದ್ದವನೋ ಸೋತವನೋ ಎಂಬುದನ್ನು ಕಣ್ಣು ಮೊದಲು ಅರಿಯುತ್ತದೆ. ಕಿವಿ ಆಮೇಲೆ ಕೇಳುತ್ತದೆ. ಆದುದರಿಂದ ವೇಷಭೂಷಣವನ್ನು ಬರಿಯ ಅಲಂಕಾರವೆಂದು ಎಣಿಸುವುದು ಸರಿಯಲ್ಲ.

ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನ ಜನರಿಗೆ ಈ ಮಾತು ಹೊಸದಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಕೌರವನು ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಧರಿಸಿ ರಂಗಕ್ಕೆ ಬರುತ್ತಾನೆ. ಬಯಲಿನ ಕೊನೆಯಲ್ಲಿ ಕುಳಿತವನಿಗೆ ನಟನ ಮುಖಭಾವ ಕಾಣದಿದ್ದರೂ ಅಗಲವಾದ ಭುಜಕೀರ್ತಿಯಿಂದಲೇ ಪಾತ್ರದ ಗತ್ತು ತಿಳಿಯುತ್ತದೆ. ಅಷ್ಟು ಆಡಂಬರವಿಲ್ಲದ ಉಡುಗೆಯಲ್ಲಿ ನಿಂತು ಅವನನ್ನು ಪ್ರಶ್ನಿಸುವ ಸಾರಥಿಯಾದರೋ ಪ್ರೇಕ್ಷಕರಲ್ಲೊಬ್ಬನಂತೆ ತೋರುತ್ತಾನೆ.

ಚಲನಚಿತ್ರದಲ್ಲಿ ಕ್ಯಾಮರಾ ಪಾತ್ರದ ಸಮೀಪಕ್ಕೆ ಬರುವುದರಿಂದ ಬಟ್ಟೆಯ ನೇಯ್ಗೆ, ಮಾಸಿದ ಅಂಚುಗಳೂ ಅರ್ಥವತ್ತಾಗುತ್ತವೆ. 1982ರ ‘ಗಾಂಧಿ’ ಚಿತ್ರದಲ್ಲಿ ಕೋಟು ತೊಟ್ಟ ಬ್ಯಾರಿಸ್ಟರನು ಕ್ರಮೇಣ ತುಂಡು ಪಂಚೆಯ ಮಹಾತ್ಮನಾಗುವುದನ್ನು ಉಡುಪೇ ಹೇಳುತ್ತದೆ. ಆ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ಕೊಲ್ಹಾಪುರದಲ್ಲಿ ಜನಿಸಿದ ಭಾನು ಅಥಯ್ಯಾ ಅವರು 1983ರಲ್ಲಿ ಜಾನ್ ಮೊಲ್ಲೋ ಅವರೊಡನೆ ಆಸ್ಕರ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ.

ಇದೇ ದೃಷ್ಟಿಯಿಂದ ಸುರಪುರದ ರಾಜಾ ವೆಂಕಟಪ್ಪನಾಯಕನ ಕಥೆಯನ್ನು ರಂಗಕ್ಕೆ ತರುವುದನ್ನು ಯೋಚಿಸಬೇಕು. ಬಾಲ್ಯದಲ್ಲಿ ಮೆಡೋಸ್ ಟೇಲರನ ಪೋಷಣೆಯಲ್ಲಿ ಬೆಳೆದವನು, ಬ್ರಿಟಿಷರ ವಿರುದ್ಧ ದಂಗೆಯೆದ್ದವನು, ಸೆರೆಯಾಗಿ 1858ರಲ್ಲಿ ತಾರುಣ್ಯದಲ್ಲೇ ಮಡಿದವನು—ಮೂವರೂ ಒಬ್ಬನೇ. ಬಾಡಿಗೆಗೆ ತಂದ ಜರಿಯ ಅಂಗಿಯನ್ನೂ ಹೊಳೆಯುವ ಕಿರೀಟವನ್ನೂ ಮೊದಲಿನಿಂದ ಕೊನೆಯವರೆಗೆ ತೊಡಿಸಿಬಿಟ್ಟರೆ ಅವನು ಯಾವ ಊರಿನ ಅರಸನಾದರೂ ಆಗಬಹುದು. ಅವನ ಬಾಳಿನ ದುರಂತವು ಜರಿಯ ಥಳಕಿನಲ್ಲಿ ಮುಚ್ಚಿಹೋಗುತ್ತದೆ.

ಶಾಲೆಯ ನಾಟಕಕ್ಕೆ ಅಷ್ಟು ಹಣವೆಲ್ಲಿಯದು ಎಂದು ಕೇಳಬಹುದು. ಇಲ್ಲಿ ಹಣಕ್ಕಿಂತ ವಿವೇಚನೆ ಮುಖ್ಯ. ಸುರಪುರದಲ್ಲಿ ಗರುಡಾದ್ರಿ ಮನೆತನದವರು ಬೆಳೆಸಿದ ಸೂಕ್ಷ್ಮ ಚಿತ್ರಕಲೆಯನ್ನು ಗಮನವಿಟ್ಟು ನೋಡಿದರೆ ಈ ನೆಲದ ಉಡುಗೆ-ತೊಡುಗೆಗಳ ರೀತಿ ತಿಳಿದೀತು. ಸೆರೆಮನೆಯ ದೃಶ್ಯದಲ್ಲಿ ಪೇಟವನ್ನೂ ಆಭರಣಗಳನ್ನೂ ತೆಗೆದು, ಮಾಸಿದ ಅಂಗಿಯೊಂದನ್ನು ಉಳಿಸಿದರೆ ಸಾಕು. ಇದಕ್ಕೆ ಒಂದು ಕಾಸೂ ಬೇಕಿಲ್ಲ. ರಾಜ್ಯ ಕಳೆದುಕೊಂಡವನ ನೋವನ್ನು ಆ ಬರಿದಾದ ತಲೆಯೇ ಸಾರುತ್ತದೆ. ಪಾತ್ರಕ್ಕೆ ಏನನ್ನು ತೊಡಿಸಬೇಕೆಂಬುದರಷ್ಟೇ ಯಾವಾಗ ಏನನ್ನು ಕಳಚಬೇಕೆಂಬುದನ್ನೂ ಅರಿತವನೇ ನಿಜವಾದ ವೇಷಗಾರ.