ಗ್ಯಾಸ್‌ಗೆ ಹೆದರಿ ಕಾಳು ಬಿಡಬೇಡಿ

ಈಚೆಗೆ ಅರವತ್ತು ದಾಟಿದ ತಾಯಿಯೊಬ್ಬರನ್ನು ಅವರ ಮಗ ನನ್ನ ಬಳಿಗೆ ಕರೆತಂದಿದ್ದರು. ವಿಪರೀತ ಸುಸ್ತು, ಮೆಟ್ಟಿಲು ಹತ್ತಲು ಕಾಲಿನಲ್ಲಿ ಶಕ್ತಿ ಇಲ್ಲ. ಪರೀಕ್ಷೆಗಳಲ್ಲಿ ಬೇರೆ ಯಾವ ಕಾಯಿಲೆಯೂ ಕಾಣಲಿಲ್ಲ. ಊಟದ ಬಗ್ಗೆ ವಿಚಾರಿಸಿದಾಗ ಅವರು ಹೇಳಿದ್ದು: "ಗ್ಯಾಸ್ ಆಗುತ್ತೆ ಡಾಕ್ಟ್ರೇ, ಅದಕ್ಕೇ ಬೇಳೆ, ಕಾಳು ಬಿಟ್ಟು ಎರಡು ವರ್ಷ ಆಯ್ತು." ಮೊಟ್ಟೆ, ಮಾಂಸ ಅವರು ಮೊದಲಿನಿಂದಲೂ ತಿನ್ನುವವರಲ್ಲ. ಅನ್ನ, ತಿಳಿಸಾರು, ಒಂದಿಷ್ಟು ಮಜ್ಜಿಗೆ, ಇಷ್ಟೇ ಆಹಾರ. ಗ್ಯಾಸ್ ಜೊತೆಗೆ ಪ್ರೋಟೀನನ್ನೂ ಅವರು ಹೊರಗೆ ಕಳಿಸಿಬಿಟ್ಟಿದ್ದರು!

ಇಂಥವರು ಬಹಳ ಮಂದಿ. ಕಾಳು ತಿಂದು ಹೊಟ್ಟೆ ಉಬ್ಬರಿಸಿದರೆ ತಮ್ಮ ಜೀರ್ಣಶಕ್ತಿ ಕೆಟ್ಟಿತು ಎಂದೇ ತಿಳಿಯುತ್ತಾರೆ. ಇದು ತಪ್ಪು ಕಲ್ಪನೆ.

ಅವರೆ, ಕಡಲೆ, ಹುರುಳಿ, ಅಲಸಂದೆಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ನಾವು ಕಾಫಿಗೆ ಹಾಕುವ ಸಕ್ಕರೆಯ ಅಣುವಿಗೆ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆಯ ಕೊಂಡಿ ಸೇರಿದರೆ ರಾಫಿನೋಸ್, ಅಂಥ ಎರಡು ಕೊಂಡಿಗಳು ಸೇರಿದರೆ ಸ್ಟಾಕಿಯೋಸ್. ಈ ಕೊಂಡಿಯನ್ನು ಬಿಡಿಸಬಲ್ಲ ಕಿಣ್ವ ಆಲ್ಫಾ ಗ್ಯಾಲಕ್ಟೋಸಿಡೇಸ್. ಆಹಾರ ಜೀರ್ಣಿಸಲು ನಮ್ಮ ಸಣ್ಣ ಕರುಳು ಈ ಕಿಣ್ವವನ್ನು ಒದಗಿಸುವುದಿಲ್ಲ. ಪೈಲ್ವಾನನ ಕರುಳಿನಲ್ಲೂ ಅದಿಲ್ಲ! ಆದ್ದರಿಂದ ಈ ಸಕ್ಕರೆಗಳು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ವಾಸಿಸುವ ಬೈಫಿಡೋ ಮುಂತಾದ ಬ್ಯಾಕ್ಟೀರಿಯಾಗಳ ಬಳಿ ಆ ಕಿಣ್ವ ಇದೆ.

ಕಿಣ್ವವೆಂದರೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ಒಂದು ಪ್ರೋಟೀನು. ಈ ಕಿಣ್ವದ ಮುಖ್ಯ ಭಾಗದಲ್ಲಿ ಎಂಟು ಪಟ್ಟಿಗಳು ಪೀಪಾಯಿಯ ಹಲಗೆಗಳಂತೆ ಸುತ್ತಲೂ ಜೋಡಿಸಿಕೊಂಡಿರುತ್ತವೆ. ಪೀಪಾಯಿಯ ಬಾಯಲ್ಲಿ ಒಂದು ಪುಟ್ಟ ಗುಳಿ. ಗ್ಯಾಲಕ್ಟೋಸ್ ಅದರಲ್ಲಿ ಸರಿಯಾಗಿ ಹೊಂದಿಕೊಂಡು ಕೂರುತ್ತದೆ. ಕಿಣ್ವ ಮತ್ತು ಸಕ್ಕರೆಯ ಇಂಥ ಹೊಂದಾಣಿಕೆಯನ್ನು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್ 1894ರಲ್ಲಿಯೇ ಬೀಗ ಮತ್ತು ಬೀಗದಕೈಗೆ ಹೋಲಿಸಿದ್ದರು. ಗುಳಿಯಲ್ಲಿರುವ ಆಸ್ಪಾರ್ಟಿಕ್ ಆಮ್ಲದ ಎರಡು ಘಟಕಗಳು, ನೀರಿನ ಅಣುವೊಂದನ್ನು ಬಳಸಿಕೊಂಡು, ಕೊಂಡಿಯನ್ನು ಕತ್ತರಿಸುತ್ತವೆ.

ಹೀಗೆ ಬಿಡಿಯಾದ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗುತ್ತದೆ. ಆಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳು ಹುಟ್ಟುತ್ತವೆ. ಗ್ಯಾಸ್ ಎಂದರೆ ಇದೇ. ಆದರೆ ಜೊತೆಯಲ್ಲೇ ಬ್ಯುಟಿರೇಟ್‌ನಂಥ ಕೊಬ್ಬಿನ ಆಮ್ಲಗಳೂ ತಯಾರಾಗುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿದರೆ ಕೆಟ್ಟಿತೆಂದು ಯಾರಾದರೂ ಚೆಲ್ಲುತ್ತಾರೆಯೇ?

ಹಾಗೆಂದು ಸಂಕಟ ಅನುಭವಿಸಬೇಕಾಗಿಲ್ಲ. ಒಣ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಈ ಸಕ್ಕರೆಗಳಲ್ಲಿ ಒಂದಷ್ಟು ನೀರಿನೊಂದಿಗೇ ಹೋಗುತ್ತದೆ. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಮೊಳೆಯುವ ಕಾಳು ತನ್ನದೇ ಕಿಣ್ವದಿಂದ ಈ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕಾಳು ಬಿಟ್ಟವರು ಹೆಸರುಬೇಳೆಯಿಂದ, ದಿನಕ್ಕೆ ಎರಡು ಮೂರು ಚಮಚದಿಂದ ಆರಂಭಿಸಿ, ನಿಧಾನವಾಗಿ ಹೆಚ್ಚಿಸಲಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು.

ಇನ್ನೊಂದು ಎಚ್ಚರಿಕೆ. ಎಲ್ಲವನ್ನೂ ಗ್ಯಾಸ್ ಎನ್ನಬೇಡಿ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಡಿದರೆ ಸೋಡಾ ಕುಡಿಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಿಗೂ ಪರೀಕ್ಷೆ ಬೇಕು.

ಆ ತಾಯಿಗೆ ನಾನು ಟಾನಿಕ್ ಬರೆಯಲಿಲ್ಲ. ಹೆಸರುಬೇಳೆ ತೊವ್ವೆ ಬರೆದುಕೊಟ್ಟೆ. ಮೂರು ತಿಂಗಳ ಮೇಲೆ ಮಗನನ್ನು ಹೊರಗೆ ಕೂರಿಸಿ ತಾವೇ ಒಳಗೆ ನಡೆದು ಬಂದರು. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯ ಹಿರಿಯರ ತಟ್ಟೆಯತ್ತ ಒಮ್ಮೆ ನೋಡಿ. ಅದರಲ್ಲಿ ಬೇಳೆ ಇದೆಯೇ?