ದೇವರ ಬಳಿ ಹಾಜರಿ ಪುಸ್ತಕವಿಲ್ಲ

ನೇಮಕಾತಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವಾಗ ನಾನೂ ದೇವರೊಂದಿಗೆ ಲೆಕ್ಕ ಇಟ್ಟಿದ್ದೆ. ಶುಕ್ರವಾರ ಉಪವಾಸ, ದಿನಕ್ಕೆ ಬೈಬಲ್‌ನ ಮೂರು ಅಧ್ಯಾಯ, ಒಂದು ಭಾನುವಾರವೂ ತಪ್ಪದ ಆರಾಧನೆ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಯಾವ ನಿಯಮ ತಪ್ಪಿದೆನೋ ಎಂದು ಹುಡುಕುತ್ತಾ ಎಷ್ಟೋ ರಾತ್ರಿ ನಿದ್ದೆಗೆಟ್ಟೆ.

ಮಾರ್ಟಿನ್ ಲೂಥರ್ ಕೂಡ ಹೀಗೇ ಒದ್ದಾಡಿದವರು. 1505ರಲ್ಲಿ, ಕಾನೂನು ಓದುತ್ತಿದ್ದ 21ರ ಹರೆಯದಲ್ಲಿ, ಸಿಡಿಲಿಗೆ ಹೆದರಿ ಹರಕೆ ಹೊತ್ತು ಜರ್ಮನಿಯ ಎರ್ಫರ್ಟ್‌ನ ಮಠ ಸೇರಿದರು. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಮನಸ್ಸಿಗೆ ಸಮಾಧಾನವಿಲ್ಲ. ಕೊನೆಗೆ, ಪೌಲನು ರೋಮಿನವರಿಗೆ ಬರೆದ ಪತ್ರ ಓದುವಾಗ ಅವರಿಗೆ ಅರ್ಥವಾಯಿತು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಸಾಧನೆ ನೋಡಿ ಅಲ್ಲ, ಕ್ರಿಸ್ತನಲ್ಲಿ ನಾವಿಟ್ಟ ನಂಬಿಕೆಯಿಂದ.

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದೇ? ಖಂಡಿತ ಇಲ್ಲ. ಆದರೆ ಅಪ್ಪ ಮನೆಯಿಂದ ಹೊರಗೆ ಹಾಕುತ್ತಾರೆಂದು ಹೆದರಿ ಮಾಡುವ ಕೆಲಸವೇ ಬೇರೆ, ಅಪ್ಪನ ಮೇಲಿನ ಪ್ರೀತಿಗೆ ಮಾಡುವ ಕೆಲಸವೇ ಬೇರೆ.

ನಾನು ಈಗಲೂ ಉಪವಾಸ ಮಾಡುತ್ತೇನೆ, ಕೆಲಸ ಗಿಟ್ಟಿಸಲು ಅಲ್ಲ. ಮುಂದಿನ ಪರೀಕ್ಷೆಗೆ ಓದುತ್ತಿದ್ದೇನೆ. ಪಾಸಾದರೂ ಫೇಲಾದರೂ ನಾನು ಆತನ ಮಗಳೇ.